ಕೈಸನ್ನೆಯ ವಾರ್ತೆ

ಸರಸ್ವತಿಪುರಂನ ನಮ್ಮ ಮನೆ ಮುಂದೆ ಆ ಮನುಷ್ಯ ಮೊದಲು ಕಾಣಿಸಿಕೊಂಡಿದ್ದು ಒಂದು ಭಾನುವಾರ, ನಮ್ಮ ಊಟ ಮುಗಿಯುವ ಹೊತ್ತಿಗೆ. ಇಸ್ತ್ರಿ ಮಾಡಿದ ಶರ್ಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಸೈಕಲ್ಲನ್ನು ಕಾಂಪೌಂಡಿಗೆ ಒರಗಿಸಿ, ತೆರೆದ ಕಿಟಕಿಯೊಳಗೆ ಕಣ್ಣು ನೆಟ್ಟು ನಿಂತ. ಸ್ವಲ್ಪ ಹೊತ್ತಿಗೆ ಹೊರಟುಹೋದ. ಮುಂದಿನ ಭಾನುವಾರ ಅದೇ ಹೊತ್ತಿಗೆ ಮತ್ತೆ ಬಂದ. ಅದರ ಮುಂದಿನ ವಾರವೂ.

"ಹೊಂಚು ಹಾಕ್ತಾವ್ನೆ ಕಣೋ," ಎಂದರು ಅಜ್ಜಿ ಅಪ್ಪನಿಗೆ. "ಒಳಗೆ ಏನೇನಿದೆ ನೋಡ್ಕೊಂಡು ಹೋಗಕ್ಕೇ ಬರೋದು."

ಹಿತ್ತಾಳೆ ಪಾತ್ರೆಗಳೆಲ್ಲ ಒಳಕೋಣೆ ಸೇರಿದವು. ಅಪ್ಪ ಮುಂಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದರು. ನಾನಾಗ ಪ್ರೈಮರಿ ಶಾಲೆಯ ಹುಡುಗಿ. ಸ್ನಾನದ ಮನೆಗೆ ಒಬ್ಬಳೇ ಹೋಗಲೂ ಭಯವಾಗತೊಡಗಿತು.

ನಾಲ್ಕನೇ ಭಾನುವಾರ ಅಪ್ಪ ಕಾದಿದ್ದು ಹೊರಗೆ ಹೋದರು. "ಯಾರ್ರೀ ನೀವು? ಏನು ನೋಡ್ತಿದೀರ?"

ಆತ ನಕ್ಕು ಕಿಟಕಿಯ ಕಡೆ ಬೆರಳು ತೋರಿಸಿದ.

"ಕೇಳಿದ್ದಕ್ಕೆ ಉತ್ತರ ಕೊಡ್ರೀ!"

ಪಕ್ಕದ ಮನೆಯವರು ಓಡಿಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡರು. ಆತ ಗಾಬರಿಯಾಗಿ ಎರಡೂ ಕೈಗಳನ್ನು ಎದೆಯ ಮುಂದೆ ಬೇಗ ಬೇಗ ಆಡಿಸಿದ. ಆ ಕೈಗಳನ್ನು ನೋಡಿ ನನಗೆ ತಟ್ಟನೆ ಹೊಳೆಯಿತು. ಆ ಕಿಟಕಿಗೆ ಎದುರಾಗಿಯೇ ಇದ್ದ ನಮ್ಮ ಟೀವಿಯಲ್ಲಿ ಭಾನುವಾರ ಏನು ಬಂದರೂ ಬಿಡದೆ ನೋಡುವವಳು ನಾನು. ಕಿವಿ ಕೇಳದವರಿಗೆಂದು ಒಬ್ಬ ಹೆಂಗಸು ಕೈಸನ್ನೆಯಲ್ಲಿ ವಾರ್ತೆ ಹೇಳುತ್ತಿದ್ದಳು. ಮನೆಯವರೆಲ್ಲ ಕೋಳಿನಿದ್ದೆಗೆ ಜಾರುವ ಆ ಹೊತ್ತಿನಲ್ಲಿ, ಮುಂದೆ ಬರುವ ಕಾರ್ಯಕ್ರಮಕ್ಕೆ ಕಾಯುತ್ತ ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

"ಅಪ್ಪ, ಅವರಿಗೆ ಕಿವಿ ಕೇಳಲ್ಲ! ಟೀವೀಲಿ ಬರ್ತಾರಲ್ಲ, ಹಂಗೆ ಮಾತಾಡ್ತಿದಾರೆ."

ಅಪ್ಪ ನಂಬಲಿಲ್ಲ. ಆತನ ಬೆನ್ನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಆತ ತಿರುಗಲಿಲ್ಲ. "ನಾಟಕ ಇದ್ರೂ ಇರಬಹುದು," ಎಂದರು ಪಕ್ಕದ ಮನೆಯವರು. ಅಪ್ಪ ಮತ್ತೊಮ್ಮೆ ತಟ್ಟಿದರು. ನನಗೆ ಅಳು ಬಂತು. ನಾನು ಅತ್ತಿದ್ದು ನೋಡಿಯೋ ಏನೋ, ಅಪ್ಪ ಆತನ ಕೈ ಹಿಡಿದು ಒಳಗೆ ಕರೆತಂದರು. ಅಂದಿನಿಂದ ಆತ ಹೊಸಿಲ ಬಳಿ ಕೂತು ವಾರ್ತೆ ನೋಡತೊಡಗಿದ. ಎದ್ದು ಹೋಗುವವರೆಗೂ ಅಜ್ಜಿ ಆತನ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ.

ಒಂದೆರಡು ತಿಂಗಳಾದ ಮೇಲೆ, ಆತ ಬಂದು ಕೂತ ಸ್ವಲ್ಪ ಹೊತ್ತಿಗೆ, ಒಬ್ಬ ಹೆಂಗಸು ಗೇಟು ತಳ್ಳಿಕೊಂಡು ಬಂದಳು. ಮುಖ ಕೆಂಪೇರಿತ್ತು.

"ನಮ್ಮನೆಯವ್ರು ವಾರ ವಾರ ಇಲ್ಲಿಗೇನಾ ಬರೋದು? ಯಾರ್ ಮನೆ ಇದು? ಯಾರವ್ಳೆ ಇಲ್ಲಿ?"

ಮಾತು, ಕಿವಿ ಎರಡೂ ಇದ್ದ ಹೆಂಗಸು. ಭಾನುವಾರ ಬಂತೆಂದರೆ ಗಂಡ ಸಿಂಗಾರ ಮಾಡಿಕೊಂಡು ಎಲ್ಲಿಗೋ ಹೋಗುತ್ತಾನೆಂದು ಉದಯಗಿರಿಯಿಂದ ಆತನ ಸೈಕಲ್ಲಿನ ಹಿಂದೆಯೇ ಆಟೋದಲ್ಲಿ ಬಂದಿದ್ದಳು. ಅಜ್ಜಿ ಟೀವಿಯ ಕಡೆ ಕೈ ತೋರಿಸಿದರು. ವಾರ್ತೆ ಹೇಳುವವಳ ಕೈಗಳು ಆಡುತ್ತಿದ್ದವು. ಆಕೆಯ ಗಂಡ ಬಾಯಿ ತೆರೆದುಕೊಂಡು ನೋಡುತ್ತಿದ್ದ.

"ಇವ್ಳೇನಾ?" ಎಂದು ಹೊಸಿಲ ಮೇಲೆ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ನಂಗೆ ಅವ್ರ ಕೈಮಾತು ಅರ್ಧಂಬರ್ಧ ಕಣಮ್ಮ. ವಾರಕ್ಕೊಂದ್ಸಲ ಯಾರೋ ಸರ್ಯಾಗಿ ಮಾತಾಡಿಸ್ತಾರೆ ಅಂತ ಬತ್ತಾರೇನೋ."

ಅಜ್ಜಿ ಎದ್ದು ಹೋಗಿ ಇಬ್ಬರಿಗೂ ಕಾಫಿ ತಂದರು. ಆಮೇಲೆ ಇಬ್ಬರೂ ಜೊತೆಗೇ ಬರುತ್ತಿದ್ದರು. ತಮ್ಮ ಮನೆಗೇ ಟೀವಿ ಬಂದಾಗ ಮೈಸೂರುಪಾಕು ಕೊಟ್ಟು ಹೋದರು. ಅವರು ಗೇಟು ದಾಟಿದ ಮೇಲೆ ಅಜ್ಜಿ ಒಂದು ಚೂರು ಮುರಿದು ಮೂಸಿ ನೋಡಿಯೇ ಬಾಯಿಗಿಟ್ಟಿದ್ದು!

ಟೀವಿ ನನಗೆ ಮನುಷ್ಯತ್ವ ಕಲಿಸಿತು ಎಂದು ಹೇಳಿಕೊಳ್ಳಲು ಇವತ್ತಿಗೂ ನನಗೆ ಧೈರ್ಯವಿಲ್ಲ. ಅದೇ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಳ್ಳರ, ಮೋಸಗಾರರ ಧಾರಾವಾಹಿಗಳನ್ನೂ ನಾನು ಅಷ್ಟೇ ಆಸೆಯಿಂದ ನೋಡಿದವಳು. ಈಗ ನಾನಿರುವ ವಿಜಯನಗರದ ಬೀದಿಯಲ್ಲಿ ಮನೆಮನೆಗೂ ಕ್ಯಾಮೆರಾ. ಗುರುತಿಲ್ಲದವರು ಯಾರೇ ಸುಳಿದರೂ ಅವರ ಫೋಟೋ ಎಲ್ಲರ ಮೊಬೈಲಿಗೆ ಬರುತ್ತದೆ. ಅದನ್ನು ನೋಡಿದಾಗ ನನ್ನ ಕೈಯೂ ಒಮ್ಮೆ ಬಾಗಿಲ ಚಿಲಕದ ಕಡೆ ಹೋಗುತ್ತದೆ. ಆದರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, "ಯಾರು ಬೇಕಿತ್ತು?" ಎಂದು ಕೇಳಿ ಬರುತ್ತೇನೆ.