ಒಂದೇ ಸಲಕ್ಕೆ ಎರಡು ಸೂಜಿ

ಮಸೂತಿ ಊರಿನ ಗುಂಡವ್ವನಿಗೆ ನಗು ಬಂದರೆ ತಡೆಯುವ ಶಕ್ತಿ ಇರಲಿಲ್ಲ. ಮಗಳನ್ನು ನೋಡಲು ಬಂದ ಬೀಗರ ಎದುರಿಗೇ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದವಳು ಆಕೆ. ಅವಳ ಎಮ್ಮೆ ಚಂದ್ರಿ ಬಲು ಗಂಭೀರ. ಸೂಜಿ ಕಂಡರೆ ಮಾತ್ರ ಅದಕ್ಕೆ ಜೀವ ಹೋದಷ್ಟು ಭಯ.

ಪ್ರತಿವರ್ಷ ಜೂನಿನ ಮಿರಗದ ಮಳೆಗೆ ಮೊದಲು ದನದ ದವಾಖಾನೆಯ ಕಂಪೌಂಡರ್ ಜೈನುದ್ದೀನ ಎರಡು ಸಲ ಬರುತ್ತಿದ್ದ. ಮೊದಲು ಗಂಟಲು ಬೇನೆಯ ಲಸಿಕೆ, ಹದಿನೈದು ದಿನ ಬಿಟ್ಟು ಚಪ್ಪೆ ಬೇನೆಯದು. ಎರಡನೆಯ ಸಲ ಅವನ ಸೈಕಲ್ ಕಂಡರೆ ಸಾಕು, ದನಗಳು ಕಣ್ಣಿ ಹರಿದುಕೊಂಡು ಹೊಲದ ದಾರಿ ಹಿಡಿಯುತ್ತಿದ್ದವು. ಹಾಗೆ ತಪ್ಪಿಸಿಕೊಂಡ ಓಣಿಯ ಎರಡು ಹೋರಿಗಳು ಹಿಂದಿನ ಮಳೆಗಾಲದಲ್ಲಿ ಚಪ್ಪೆ ಬೇನೆಯಿಂದ ಸತ್ತಿದ್ದವು.

ತೊಂಬತ್ತೆಂಟರ ಬೇಸಿಗೆಯಲ್ಲಿ ಗುಂಡವ್ವ ದವಾಖಾನೆಗೇ ಹೋದಳು.

"ಜೈನುದ್ದೀನಣ್ಣಾ, ಎರಡೂ ಒಂದ ದಿನಾ ಹಾಕಾಕ ಬರಂಗಿಲ್ಲೇನ್ರಿ?"

ಅವನು ಡಾಕ್ಟರನ್ನು ಕೇಳಿ ಬಂದ. "ಬರ್ತೈತಂತ ಅಕ್ಕಾ. ಕುತ್ತಿಗಿ ಈ ಕಡೆ ಒಂದು, ಆ ಕಡೆ ಒಂದು. ಆದ್ರ ದನಾ ಎಲ್ಲಾ ಒಂದ ಕಡೆ ಕಟ್ಟಿರಬೇಕು. ಲಸಿಕಿ ಡಬ್ಬಿಯಾಗಿನ ಬರ್ಫ ಕರಗೂದ್ರಾಗ ಮುಗೀಬೇಕು ನೋಡ್ರಿ."

"ಅದನ್ನ ನನಗ ಬಿಡ್ರಿ!"

ಎರಡು ದಿನ ಮನೆಮನೆ ತಿರುಗಿ, ಬೈದು, ರಮಿಸಿ, ಬುಧವಾರ ಮುಂಜಾನೆ ಬೇವಿನ ಮರದ ಕೆಳಗೆ ನಲವತ್ತೆರಡು ದನ ಕಟ್ಟಿಸಿದಳು. ಜೈನುದ್ದೀನನ ಕೈ ಸರಸರ ಓಡಿತು. ನಲವತ್ತೊಂದು ಮುಗಿದವು. ಚಂದ್ರಿ ಸೂಜಿ ನೋಡಿತು, ಬಾಲ ಎತ್ತಿತು, ಓಟ ಕಿತ್ತಿತು.

ಗುಂಡವ್ವ ಹಗ್ಗ ಬಿಡಲಿಲ್ಲ. "ಏ ಚಂದ್ರೀ, ನಿಲ್ಲ!" ಎಂದು ಕೂಗುತ್ತ, ನಗುತ್ತ, ಹಾರುತ್ತ ಓಣಿಯುದ್ದಕ್ಕೂ ಓಡಿದಳು. ಕಾಲಿನ ಚಪ್ಪಲಿ ಒಂದು ಕಡೆ, ತಲೆಯ ಸೆರಗು ಒಂದು ಕಡೆ. ಊರ ಅಗಸಿ ಬಾಗಿಲು ದಾಟಿ ರೇವಪ್ಪನ ಹಿತ್ತಿಲಿನ ಹೊಟ್ಟಿನ ರಾಶಿಗೆ ಇಬ್ಬರೂ ದಬಕ್ಕನೆ ನುಗ್ಗಿದರು. ಹೊರಗೆ ಕಂಡದ್ದು ಎರಡೇ ತಲೆ. ಚಂದ್ರಿ ಎಲ್ಲ ಮರೆತು ಹೊಟ್ಟು ಮೇಯತೊಡಗಿತು.

ಜೈನುದ್ದೀನ ಏದುಸಿರು ಬಿಡುತ್ತ ಬಂದ. "ಹಂಗ ಇರ್ರಿ ಅಕ್ಕಾ, ಅಲುಗಬ್ಯಾಡ್ರಿ!" ಎಂದವನೇ ರಾಶಿಯೊಳಗೆ ಇಳಿದು, ಎಡಕ್ಕೊಂದು ಬಲಕ್ಕೊಂದು ಚುಚ್ಚಿದ. "ಆತು!"

"ಯಾರಿಗ ಆತ್ರೀ? ನನಗೋ, ಎಮ್ಮಿಗೋ?"

ಜೈನುದ್ದೀನ ಹೊಟ್ಟಿನ ಮೇಲೇ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಬೆನ್ನತ್ತಿ ಬಂದಿದ್ದ ಓಣಿಯವರೂ ನಕ್ಕರು.

ಆ ಮಳೆಗಾಲದಲ್ಲಿ ಓಣಿಯ ಒಂದು ದನವೂ ಬೇನೆ ಬೀಳಲಿಲ್ಲ. ಮರುವರ್ಷ ಮಿರಗ ಸಮೀಪಿಸಿದಾಗ ಬೇರೆ ಓಣಿಯವರು ಗುಂಡವ್ವನ ಮನೆಗೇ ಬಂದು, ಸೂಜಿಯ ದಿನ ಯಾವುದೆಂದು ಕೇಳಿ ಹೋದರು.