ಎಲ್ಲರಿಗೂ ಮೊದಲ ಬಹುಮಾನ

ಕಳೆದ ವಾರ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲೇ ಪಂಕ್ಚರ್ ಅಂಗಡಿ. ಯಾರದೋ ಟ್ಯೂಬಿಗೆ ತೇಪೆ ಹಚ್ಚಲು ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರೆಂದು ಕಾಣುತ್ತದೆ, ಆ ಘಾಟು ಮೂಗಿಗೆ ಬಡಿಯಿತು. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ಅದು ನನಗೆ ಅಕ್ಕೋರ ಕೈಯ ವಾಸನೆ. ಮಾಳಮಡ್ಡಿಯ ಓಣಿಯಲ್ಲಿ ಮುಂಜಾನೆ ನನ್ನ ಗದ್ದ ಹಿಡಿದು ಮೇಲೆತ್ತಿ, ನೆಲ ನೋಡಿ ನಡೆಯಬೇಡ ಎನ್ನುತ್ತಿದ್ದಾಗ ಬರುತ್ತಿದ್ದ ವಾಸನೆ... ನೆಲವನ್ನಾಗಲಿ ಆಕಾಶವನ್ನಾಗಲಿ ನಾನು ಹುಟ್ಟಿದಾಗಿನಿಂದ ನೋಡಿದವಳೇ ಅಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಹಾಗೆಯೇ ಅನ್ನುತ್ತಿದ್ದರು.

ಅಕ್ಕೋರು ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸುತ್ತಿದ್ದರು. ನಮ್ಮ ಓಣಿಯಲ್ಲೇ ಮನೆ, ಒಬ್ಬರೇ ಇದ್ದರು. ಹರೆಯದಲ್ಲಿ ಸೈಕಲ್ ರೇಸುಗಳಲ್ಲಿ ಪಾಲ್ಗೊಂಡವರು, ತಮ್ಮ ಸೈಕಲ್ಲಿನ ಟ್ಯೂಬಿಗೆ ಆಗಲೂ ತಾವೇ ತೇಪೆ ಹಚ್ಚುತ್ತಿದ್ದರು. ನಾನು ಅವರ ವಿದ್ಯಾರ್ಥಿನಿಯಲ್ಲ. ನಾನು ಓದಿದ ಸಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂದರೆ ನನ್ನನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ಉಳಿದವರ ಚಪ್ಪಲಿ ಕಾಯಲು ಹಚ್ಚುತ್ತಿದ್ದರು. ಕಣ್ಣಿಲ್ಲದವಳು ಚಪ್ಪಲಿ ಕಾಯುವುದು! ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಪೀರಿಯಡ್ ಮುಗಿದಾಗ 'ಶಾಣ್ಯಾ ಹುಡುಗಿ' ಎಂದು ತಲೆ ಸವರಿ ಹೋಗುತ್ತಿದ್ದರು.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ದಿನ, ಅವ್ವನ ಕೈ ಹಿಡಿದು ಓಣಿಯ ಏರು ಹತ್ತುತ್ತಿದ್ದೆ. ಅರ್ಧಕ್ಕೇ ಏದುಸಿರು ಬಂದು ನಿಂತುಬಿಟ್ಟೆ. ಎದುರಿಗೆ ಬಂದ ಅಕ್ಕೋರು ಅವ್ವನನ್ನು ಮಾತನಾಡಿಸಲಿಲ್ಲ, ನನ್ನನ್ನೇ ಕೇಳಿದರು.

"ತಂಗಿ, ನೀ ಯಾವಾಗರ ಓಡೀಯೇನು?"

"ಇಲ್ರಿ."

"ಒಮ್ಮೆನೂ?"

"ಒಮ್ಮೆನೂ ಇಲ್ರಿ."

ನಾಳೆ ಮುಂಜಾನೆ ತಯಾರಿರು ಎಂದರು. ಆ ದನಿಯಲ್ಲಿ ಇದ್ದದ್ದು ಸಿಟ್ಟು ಎಂದು ನನಗೆ ತಿಳಿಯಿತು. ಮರುದಿನ ಮುಂಜಾನೆ ನನ್ನನ್ನು ಕಾಲೇಜಿನ ಮೈದಾನಕ್ಕೆ ಕರೆದೊಯ್ದು, ಒಂದು ಟವೆಲ್ಲಿನ ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು, ಓಡು ಎಂದರು. ಓಡಿದೆ. ಮುಖಕ್ಕೆ ಗಾಳಿ ಬಡಿಯಿತು, ಎದೆ ಹೊಡೆದುಕೊಂಡಿತು, ಕಾಲು ತಾವಾಗಿಯೇ ಮುಂದೆ ಹೋದವು. ನಿಂತಾಗ ನಗುತ್ತಿದ್ದೆನೋ ಅಳುತ್ತಿದ್ದೆನೋ... ಇಂಥದ್ದೊಂದು ಸುಖವನ್ನು ಅಷ್ಟು ವರ್ಷ ನನ್ನಿಂದ ಕಿತ್ತಿಟ್ಟುಕೊಂಡವರು ಯಾರು ಎಂದು ಆ ದಿನವೇ ಮೊದಲ ಸಲ ಕೇಳಿಕೊಂಡೆ.

ಇಬ್ಬರು ಕೂಡಿ ತುಳಿಯುವ ಸೈಕಲ್ಲಿನ ವಿಚಾರ ಅವರ ತಲೆಯಲ್ಲಿ ಆಗಲೇ ಇತ್ತು. ಕಣ್ಣಿದ್ದವರು ಮುಂದೆ, ಇಲ್ಲದವರು ಹಿಂದೆ, ಇಬ್ಬರ ಪೆಡಲ್ಲುಗಳೂ ಒಂದೇ ಚೈನಿಗೆ ಕೂಡಿರುತ್ತವೆ. ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಹಳೆಯ ಎರಡು ಸೈಕಲ್ ಕತ್ತರಿಸಿ, ಬೆಸೆದು, ಒಂದು ಮಾಡಿಸಿದರು. ಆದರೆ ಅದರ ಮೇಲೆ ಕೂರುವ ಮೊದಲು ಮೈ ಗಟ್ಟಿಯಾಗಬೇಕು ಎಂದು ನನ್ನನ್ನು ಜಿಮ್ಮಿಗೆ ಸೇರಿಸಲು ಹೋದರು.

ಜಿಮ್ಮಿನ ಮಾಲೀಕ ನಮಗೆ ಕುರ್ಚಿ ಕೊಟ್ಟ, ಚಹಾ ತರಿಸಿದ, ಪ್ರವೇಶ ಮಾತ್ರ ಕೊಡಲಿಲ್ಲ. ಮೇಲೆ ಏನಾದರೂ ಬಿದ್ದರೆ ಜವಾಬ್ದಾರಿ ಯಾರದು ಎಂದ. ಕಣ್ಣಿದ್ದವರ ಮೇಲೆ ಬಿದ್ದರೆ ಯಾರದು ಎಂದು ಅಕ್ಕೋರು ಕೇಳಿದರು. ಅವನು ಚಹಾ ಆರುತ್ತದೆ, ಕುಡಿಯಿರಿ ಎಂದ. ಹೊರಡುವಾಗ ನನ್ನ ಬೆನ್ನ ಹಿಂದೆ 'ಪಾಪ' ಎಂದದ್ದು ಕೇಳಿಸಿತು. ಚಹಾ ನಾನು ಮುಟ್ಟಿರಲಿಲ್ಲ. ಅಷ್ಟೇ ಸಮಾಧಾನ.

ಅಂದಿನಿಂದ ಅಕ್ಕೋರ ಮನೆಯ ಹಿತ್ತಿಲೇ ನಮ್ಮ ಜಿಮ್. ಮರಳು ತುಂಬಿದ ಚೀಲಗಳು, ಒಂದು ಕಬ್ಬಿಣದ ಪೈಪು, ಮಾಳಿಗೆ ಹತ್ತುವ ಮೆಟ್ಟಿಲು. ಹೇಗೆ ಬಗ್ಗಬೇಕು, ಬೆನ್ನು ಹೇಗಿರಬೇಕು ಎಂದು ಬಾಯಲ್ಲಿ ಹೇಳಿದರೆ ನನಗೆ ತಿಳಿಯುತ್ತಿರಲಿಲ್ಲ. ಆಗ ಅವರು ತಾವೇ ಭಾರ ಹಿಡಿದು ಬಗ್ಗಿ, ನನ್ನ ಕೈಯನ್ನು ತಮ್ಮ ಬೆನ್ನಿನ ಮೇಲೆ, ಸೊಂಟದ ಮೇಲೆ, ಮೊಣಕಾಲಿನ ಮೇಲೆ ಇಡಿಸಿಕೊಳ್ಳುತ್ತಿದ್ದರು. ಐವತ್ತು ದಾಟಿದ ಹೆಂಗಸಿನ ಬೆನ್ನು ಹಲಗೆಯಂತೆ ನೆಟ್ಟಗಿತ್ತು. ಅದನ್ನು ಮುಟ್ಟಿ ಮುಟ್ಟಿ ನನ್ನ ಬೆನ್ನು ಕಲಿಯಿತು.

ಆಮೇಲೆ ರಸ್ತೆ. ಕೆಲಗೇರಿ ಕಡೆಗೆ, ಕೆಲವು ದಿನ ನವಲೂರಿನ ಏರಿಗೆ. ಮುಂದೆ ಉಬ್ಬು ಬಂದರೆ, ತಿರುವು ಬಂದರೆ ಅವರು ಕೂಗಿ ಹೇಳುತ್ತಿದ್ದರು. ಏರಿನಲ್ಲಿ ನಾನು ಸ್ವಲ್ಪ ಕಾಲು ಸಡಿಲಿಸಿದರೂ ಅವರಿಗೆ ಪೆಡಲ್ಲಿನಲ್ಲೇ ಗೊತ್ತಾಗುತ್ತಿತ್ತು. ಒಮ್ಮೆ ಸೈಕಲ್ ನಿಲ್ಲಿಸಿ ಹೇಳಿದರು: "ಹಿಂದ ಕುಂಡ್ರಿಸಿಕೊಂಡು ಹೋಗಾಕ ನೀ ಏನ್ ಸಾಮಾನಲ್ಲ ತಂಗಿ. ಅರ್ಧಾ ಸೈಕಲ್ ನಿಂದು. ತುಳಿ." ದಾರಿಯಲ್ಲಿ ಬೈಕಿನವರು ಪಕ್ಕಕ್ಕೆ ಬಂದು, ಇಂಥವರನ್ನು ಯಾಕೆ ರಸ್ತೆಗೆ ತರುತ್ತೀರಿ, ಮನೆಯಲ್ಲಿ ಕೂರಿಸಬಾರದೇ ಎಂದು ಅವರನ್ನು ಕೇಳುತ್ತಿದ್ದರು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಮರುವರ್ಷ ಹುಬ್ಬಳ್ಳಿಯಲ್ಲಿ ಒಂದು ಕ್ರೀಡಾಕೂಟ ನಡೆಯಿತು. ದೃಷ್ಟಿಯಿಲ್ಲದವರ ಸೈಕಲ್ ರೇಸನ್ನೂ ಇಡುತ್ತೇವೆ ಎಂದು ಸಮಿತಿಯವರು ಅಕ್ಕೋರಿಗೆ ಮಾತು ಕೊಟ್ಟಿದ್ದರು. ವಾರಕ್ಕೊಮ್ಮೆ ಸಮಿತಿಯ ಮೈದಾನದಲ್ಲೇ ಅಭ್ಯಾಸ ಮಾಡಿ ಮೂರು ಜೋಡಿ ತಯಾರಾದೆವು. ಅದರಲ್ಲಿ ನವಲಗುಂದದ ಒಬ್ಬ ತರುಣನೂ ಇದ್ದ. ಅವನ ಮುಂದೆ ಕೂರುತ್ತಿದ್ದವನು ಅವನ ಭಾವ.

ಆ ದಿನ ಮೈದಾನಕ್ಕೆ ಹೋದರೆ ಮಾತೇ ಬದಲಾಗಿತ್ತು. ರೇಸ್ ಅಲ್ಲವಂತೆ, ಪ್ರದರ್ಶನವಂತೆ. ಅತಿಥಿಗಳು ನೋಡಲೆಂದು ನಾವು ಕೊರಳಿಗೆ ಹೂವಿನ ಹಾರ ಹಾಕಿಕೊಂಡು ನಿಧಾನಕ್ಕೆ ಒಂದು ಸುತ್ತು ಬರಬೇಕು. ಬೀಳದ ಹಾಗೆ ಇಬ್ಬಿಬ್ಬರು ಸೀಟು ಹಿಡಿದು ಪಕ್ಕದಲ್ಲಿ ಓಡುತ್ತಾರೆ. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಕಪ್ಪು ಕನ್ನಡಕ ಬೇರೆ ತಂದಿದ್ದರು. ಇದೆಲ್ಲವನ್ನೂ ಸಮಿತಿಯ ಕಾರ್ಯದರ್ಶಿ ಬಹಳ ಪ್ರೀತಿಯ ದನಿಯಲ್ಲಿ ಹೇಳಿದರು. ಆ ದನಿ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕೋರು ಅವರೊಡನೆ ಜಗಳಕ್ಕೆ ಹೋಗಲಿಲ್ಲ. ನಮ್ಮನ್ನೆಲ್ಲ ಒಂದು ಕಡೆ ಕರೆದು, ಕಾಲು ನಿಮ್ಮವು, ಏನು ಮಾಡೋಣ ನೀವೇ ಹೇಳಿ ಎಂದರು. ನವಲಗುಂದದವನು ತಾನು ರೇಸಿಗೆ ಬಂದವನು, ರೇಸೇ ಮಾಡುತ್ತೇನೆ ಎಂದ. ನಾವೆಲ್ಲ ಹೂಂ ಎಂದೆವು. ಹಾರ, ಕನ್ನಡಕ ಎಲ್ಲ ಅಲ್ಲೇ ಕುರ್ಚಿಯ ಮೇಲೆ ಬಿಟ್ಟೆವು.

ಸೀಟಿ ಊದಿದರು. ಸೀಟು ಹಿಡಿದಿದ್ದವರು ಕೆಲವು ಹೆಜ್ಜೆ ಓಡಿ ಕೈಬಿಟ್ಟರು. ಅಕ್ಕೋರ ಕಾಲಿನ ಬಿರುಸು ನನ್ನ ಕಾಲಿಗೆ ಬಂತು, ನನ್ನದು ಅವರಿಗೆ ಹೋಯಿತು. ಮೈಕಿನಲ್ಲಿ ಕಾರ್ಯದರ್ಶಿ "ಸಾವಕಾಶ, ಸಾವಕಾಶ ಹೋಗ್ರಿ" ಎಂದು ಕೂಗುತ್ತಲೇ ಇದ್ದರು. ಒಂದು ಸುತ್ತು ಎಂದಿದ್ದರು, ನಾವು ನಮ್ಮ ನಮ್ಮಲ್ಲೇ ಮಾತಾಡಿಕೊಂಡಷ್ಟು ಸುತ್ತು ಹೊಡೆದೆವು. ಮೊದಲು ಗಪ್ಪನೆ ಇದ್ದ ಜನ ಆಮೇಲೆ ಒದರತೊಡಗಿದರು, ಬೇರೆ ಯಾವ ರೇಸಿಗೆ ಒದರುತ್ತಾರೋ ಹಾಗೆಯೇ. ಕೊನೆಯ ತಿರುವಿನಲ್ಲಿ ಬಲಗಡೆ ಇನ್ನೊಂದು ಚೈನಿನ ಸದ್ದು ಕೇಳಿಸಿತು. ಪಕ್ಕಕ್ಕೆ ಬಂತು, ಮುಂದಾಯಿತು. ನನ್ನ ತೊಡೆಗಳಲ್ಲಿ ಇನ್ನೇನೂ ಉಳಿದಿರಲಿಲ್ಲ... ನಾವು ಎರಡನೆಯವರಾದೆವು.

ಸೋತೆನಲ್ಲ ಎಂದು ಹ್ಯಾಂಡಲ್ಲಿಗೆ ಗುದ್ದಿದೆ. ಆದರೆ ಅದು ನನ್ನದೇ ಸೋಲು, ಯಾರೂ ಅಯ್ಯೋ ಎಂದು ಕೊಟ್ಟದ್ದಲ್ಲ. ಅಂಥದ್ದು ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಅದನ್ನೂ ಕಿತ್ತುಕೊಂಡರು. ವೇದಿಕೆಯ ಮೇಲೆ ಕಾರ್ಯದರ್ಶಿ, ಇವರಲ್ಲಿ ಸೋತವರು ಯಾರೂ ಇಲ್ಲ, ಎಲ್ಲರಿಗೂ ಮೊದಲ ಬಹುಮಾನ ಎಂದು ಸಾರಿದರು. ಜನ ಕಣ್ಣೊರೆಸಿಕೊಂಡರಂತೆ. ಎಲ್ಲರ ಕೈಗೂ ಒಂದೇ ಥರದ ಸ್ಟೀಲ್ ಡಬ್ಬಿ ಬಂತು. ನವಲಗುಂದದವನು, ತಾನು ಮೊದಲು ಬಂದದ್ದನ್ನು ಮೈಕಿನಲ್ಲಿ ಹೇಳಿ ಎಂದು ಕೇಳಿದ. ಕಾರ್ಯದರ್ಶಿ ನಕ್ಕು ಅವನ ಭುಜ ತಟ್ಟಿದರು. ಆಗ ಅಕ್ಕೋರು ಮೈಕು ಇಸಿದುಕೊಂಡರು.

"ಈ ಇಬ್ರು ಗೆದ್ದಾರ. ನಾವು ಸೋತೇವಿ. ಹಂಗ ಬರಕೋರಿ."

ಯಾರೂ ಬರೆದುಕೊಳ್ಳಲಿಲ್ಲ. ಮುಂದಿನ ವಾರ ನಾವು ಅಭ್ಯಾಸಕ್ಕೆ ಹೋದಾಗ ಆ ಮೈದಾನದ ಗೇಟಿಗೆ ಕೀಲಿ ಬಿದ್ದಿತ್ತು. ನಮ್ಮ ಸುರಕ್ಷತೆಗಾಗಿಯೇ ಹಾಗೆ ಮಾಡಿದ್ದೆಂದು ಕಾವಲುಗಾರ ಹೇಳಿದ. ಗೇಟಿನ ಒಳಗೆ ಬೇರೆಯವರು ಓಡುತ್ತಿದ್ದರು.

ಅದಾದ ಮೇಲೂ ಕೆಲವು ವರ್ಷ ನಾವಿಬ್ಬರೂ ರಸ್ತೆಯಲ್ಲೇ ತುಳಿದೆವು. ನನಗೆ ಬ್ಯಾಂಕಿನ ನೌಕರಿ ಸಿಕ್ಕು ಹುಬ್ಬಳ್ಳಿಗೆ ಬಂದೆ. ಅಷ್ಟರಲ್ಲಿ ಅಕ್ಕೋರಿಗೆ ಹೊಟ್ಟೆಯಲ್ಲಿ ಗಂಟಾಯಿತು. ಆಸ್ಪತ್ರೆಗೆ ಹೋದಾಗ ಅವರ ಕೈ ನನ್ನ ಕೈಗಿಂತ ಸಣ್ಣದಾಗಿತ್ತು. ಆ ಕೈಯಿಂದ ನನ್ನ ಮೀನಖಂಡ ಒತ್ತಿ ನೋಡಿ, ಸಡಿಲ ಬಿಟ್ಟಿದ್ದೀಯಲ್ಲ ಎಂದು ಬೈದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಸಂತಾಪ ಸಭೆಗೆ ಅದೇ ಕಾರ್ಯದರ್ಶಿ ಬಂದಿದ್ದರು. ಅಂಧರ ಬಾಳಿಗೆ ಬೆಳಕಾದ ತಾಯಿ ಎಂದು ಭಾಷಣ ಮಾಡಿದರು. ನಾನು ಎದ್ದು ನಿಂತೆ.

"ಸರ್, ಅವತ್ತ ನಿಮ್ಮ ಮೈದಾನದಾಗ ಮೊದಲ ಬಂದಾವ್ರು ಯಾರು, ನೆನಪೈತೇನ್ರಿ?"

ಬಹಳ ದಿನವಾಯಿತಲ್ಲ ಮೇಡಂ ಎಂದರು ಅವರು. ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ನಾನ್ರಿ."

ನವಲಗುಂದದವನು. ಅವನು ಬಂದಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ತಟ್ಟಬಾರದು ಎಂದು ಇನ್ಯಾರೋ ಗದರಿದರು. ನಾನು ತಟ್ಟಿದೆ.

ಈಗ ಒಳ್ಳೆಯ ಮನಸ್ಸಿನ ಕೆಲವು ತರುಣರು ಭಾನುವಾರ ಬರುತ್ತಾರೆ, ಹೊಸ ಸೈಕಲ್ ತರುತ್ತಾರೆ, ನನ್ನನ್ನು ಹಿಂದೆ ಕೂರಿಸಿಕೊಂಡು ಉಣಕಲ್ ಕೆರೆಯವರೆಗೆ ಹೋಗಿ ಬರುತ್ತಾರೆ. ಮೊನ್ನೆ ಬಂದವನಿಗೆ ಜೋರಾಗಿ ತುಳಿ ಎಂದೆ. ಬೇಡ ಮೇಡಂ, ನಿಮಗೆ ಏನಾದರೂ ಆದರೆ ಎಂದ. ನಾನು ಒತ್ತಿದಷ್ಟೂ ಮುಂದಿನ ಕಾಲುಗಳು ತಡೆದು ಹಿಡಿದವು. ಅವನದು ತಪ್ಪಲ್ಲ ಎಂದು ಗೊತ್ತು, ಆದರೂ ಸಿಟ್ಟು ಇಳಿಯಲಿಲ್ಲ.

ಅಕ್ಕೋರು ಇಲ್ಲ. ನನ್ನನ್ನು ಜೋಪಾನವಾಗಿ ಮನೆ ಮುಟ್ಟಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಜೊತೆ ಕೂತು ಸೋಲಲು ತಯಾರಿದ್ದವರು ಅವರೊಬ್ಬರೇ...