ಚೀಲ ಹತ್ತದೆ ನಾಯಿ ಹತ್ತಲಿಲ್ಲ

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಬಾಯಿ ಬಿಟ್ಟು ಕೇಳಿದ್ದು ಒಂದೇ. ಎರಡು ದಿನ ಎಲ್ಲಾದರೂ ಹಳ್ಳಿ ಕಡೆ ಹೋಗಿ ಸುಮ್ಮನೆ ಕೂತು ಬರೋಣ ಅಂತ. ನಾನು ಬೈಲಹೊಂಗಲದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು, ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಸುಮ್ಮನೆ ಕೂರುವುದನ್ನು ಎಂಟನೆಯದರಲ್ಲಿ ಕಲಿಸುತ್ತಾರೇನೋ, ನನಗೆ ಗೊತ್ತಿಲ್ಲ.

ಆಕೆಯ ದೂರಿಗೆ ಸಾಕ್ಷಿಯೂ ಇತ್ತು. ರಾಮದುರ್ಗದಲ್ಲಿ ಆಕೆಯ ತಂಗಿಯ ಮದುವೆಯಲ್ಲಿ ಇಡೀ ಬಳಗ ನಿಂತು ಫೋಟೋ ತೆಗೆಸಿಕೊಂಡಿತು. ಅದರಲ್ಲಿ ನಾನಿಲ್ಲ. ಪೆಂಡಾಲಿನ ಕಂಬ ವಾಲಿದ್ದು ಕಣ್ಣಿಗೆ ಬಿದ್ದು ಏಣಿ ಹತ್ತಿದ್ದೆ. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನದ ಫೋಟೋದಲ್ಲಿ ತೊಟ್ಟಿಲ ಪಕ್ಕ, ಸ್ಟೂಲಿನ ಮೇಲೆ, ಎರಡು ಕಾಲು ಕಾಣುತ್ತವೆ. ಅವು ನನ್ನವು. ಮೇಲಿನ ಕೊಂಡಿ ಸಡಿಲಾಗಿತ್ತು.

"ಮನ್ಯಾಗ ಒಂದ ಫೋಟೋದಾಗೂ ನೀವು ಪೂರ್ತಿ ಇಲ್ರಿ," ಅಂದಳು. "ಈ ಸಲ ಕುಂಡ್ರಿಸಿ ತಗಸಾಕಿ ನಾ."

"ನಾಯಿ ಬಿಟ್ಟು ನಾ ಬರಾಂಗಿಲ್ಲಪ್ಪಾ," ಅಂದಳು ಮಗಳು.

ನಮ್ಮ ನಾಯಿ ಮನೆಯದಲ್ಲ, ಅಂಗಡಿಯದು. ಒಂಬತ್ತು ವರ್ಷದಿಂದ ನನ್ನ ಕೆಲಸದ ಕಟ್ಟೆಯ ಕೆಳಗೆ ಮಲಗುತ್ತದೆ. ಮೈಮೇಲೆ ಕಿಡಿ ಬಿದ್ದರೂ ಕಿವಿ ಅಲ್ಲಾಡಿಸಿ ಮತ್ತೆ ನಿದ್ದೆ. ಅದಕ್ಕೇನು ವಿಶ್ರಾಂತಿ ಕಡಿಮೆಯಾಗಿತ್ತೋ ದೇವರೇ ಬಲ್ಲ.

ಮಗಳು ಮೊಬೈಲಿನಲ್ಲಿ ಹುಡುಕಿ, ಕಿತ್ತೂರಿನ ಕಡೆ ಒಂದು ರಿಸಾರ್ಟಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ಕಡೆ ಒಬ್ಬ ಹುಡುಗಿ ಸಕ್ಕರೆ ದನಿಯಲ್ಲಿ ಕೇಳಿದಳು:

"ಯಾವ ಬ್ರೀಡ್ ಸರ್?"

"ಬೈಲಹೊಂಗಲ," ಅಂದೆ.

"ವ್ಯಾಕ್ಸಿನ್ ಸರ್ಟಿಫಿಕೇಟ್ ಇದೆಯಾ ಸರ್?"

ಇತ್ತು. ಮಗಳು ಅದಕ್ಕೊಂದು ಪ್ಲಾಸ್ಟಿಕ್ ಫೈಲು ಮಾಡಿದ್ದಾಳೆ. ನಮ್ಮಿಬ್ಬರಲ್ಲಿ ಹೆಚ್ಚು ಸರ್ಟಿಫಿಕೇಟು ಇರುವುದು ನಾಯಿಗೇ. ಆಮೇಲೆ ಆ ಹುಡುಗಿ ಅಲ್ಲಿನ ಸುಖಗಳನ್ನು ಹೇಳತೊಡಗಿದಳು: ಎಮ್ಮೆ ಹಾಲು ಹಿಂಡಬಹುದು, ಚಕ್ಕಡಿ ಹೊಡೆಯಬಹುದು, ಕೆಸರಿನಲ್ಲಿ ಇಳಿಯಬಹುದು. ನಾನು ಸಾಲಿ ಬಿಟ್ಟದ್ದೇ ಈ ಮೂರು ಸುಖದ ಸಲುವಾಗಿ. ಈಗ ಅವನ್ನೇ ತೊಳೆದು ಒರೆಸಿ ಮಾರಾಟಕ್ಕಿಟ್ಟಿದ್ದಾರೆ. "ನಾಯಿ ಮಾತ್ರ ರೂಮಿನ ಒಳಗೆ ಬರೋ ಹಾಗಿಲ್ಲ ಸರ್," ಅಂದಳು.

"ಎಮ್ಮಿ ಬರತೈತೇನವಾ?" ಅಂತ ಕೇಳಿದೆ. ಮಗಳು ಫೋನ್ ಕಸಿದುಕೊಂಡಳು.

ಎರಡು ದಿನ ಬಿಟ್ಟು ಮನೋಳಿಯ ರೈತರೊಬ್ಬರು ಅಂಗಡಿಗೆ ಬಂದರು. ಎಂಟು ವರ್ಷದ ಹಿಂದೆ ಅವರ ಹೊಲದ ಮನೆಗೆ ಕಬ್ಬಿಣದ ಗೇಟು ಮಾಡಿಕೊಟ್ಟವನು ನಾನೇ. ನನ್ನ ಕಷ್ಟ ಕೇಳಿ ನಕ್ಕರು.

"ಹೊಲದ ಮನಿ ಖಾಲಿ ಬಿದ್ದೈತಿ ಮಿಸ್ತ್ರಿ. ಜ್ವಾಳ ಹಾಲುಗಾಳಾಗೈತಿ, ಸೀತನಿ ತಿನ್ನಾಕ ಬರ್ರಿ. ನಾಯಿ ತರ್ರಿ, ಬೇಕಂದ್ರ ಅಂಗಡಿನೂ ತರ್ರಿ." ಹೊರಟವರು ತಿರುಗಿ ಒಂದು ಮಾತು ಎಸೆದರು: "ಅಂದಂಗ, ನಿಮ್ಮ ಗೇಟು ಈಗೀಗ ನೆಲಕ್ಕ ತಿಕ್ಕತೈತಿ. ನಡೀತೈತಿ ಬಿಡ್ರಿ, ಎತ್ತಿ ತಗೀತೇವಿ."

ನಡೀತೈತಿ ಬಿಡ್ರಿ! ನಾನು ಮಾಡಿದ ಗೇಟನ್ನು ಜನ ಎತ್ತಿ ತೆಗೆಯುತ್ತಾರೆ! ಆ ಗಳಿಗೆಯಿಂದ ನನಗೆ ಹಳ್ಳಿಯ ಶುದ್ಧ ಗಾಳಿ ತುಂಬ ಬೇಕೆನಿಸತೊಡಗಿತು. ನನ್ನ ಉತ್ಸಾಹ ಕಂಡು ಹೆಂಡತಿ ಮೊದಲು ಖುಷಿಪಟ್ಟಳು, ಆಮೇಲೆ ಅನುಮಾನಪಟ್ಟಳು.

"ಚೀಲ ಬರಾಂಗಿಲ್ಲ," ಅಂದಳು.

ಸುತ್ತಿಗೆ, ಗ್ರೈಂಡರ್, ನಟ್ಟು ಬಿಗಿಯುವ ಪಾನಾ ತುಂಬಿದ ನನ್ನ ತಾಡಪತ್ರಿ ಚೀಲದ ಮಾತು ಅದು. "ಬರಾಂಗಿಲ್ಲ," ಅಂತ ನಾನೂ ಮಾತು ಕೊಟ್ಟೆ.

ಹೋಗುವ ಮುಂಚಿನ ರವಿವಾರ ಮೈದುನನ ಕಾರು ತಂದು ನಾಯಿಯನ್ನು ಹತ್ತಿಸಿ ನೋಡಿದೆವು. ಹತ್ತಲಿಲ್ಲ. ತಾಯಿ-ಮಗಳು ಬಿಸ್ಕೀಟು ಒಗೆದರು, ಬೆಣ್ಣೆ ಹಚ್ಚಿದ ರೊಟ್ಟಿ ತೋರಿಸಿದರು, ಮಗಳು ತಾನೇ ಒಳಗೆ ಕೂತು ಮುದ್ದುಗರೆದಳು. ನಾಯಿ ಎಲ್ಲ ತಿಂದು ಅಂಗಡಿಗೆ ಓಡಿ ಚೀಲದ ಪಕ್ಕ ಕುಳಿತಿತು. ಒಂಬತ್ತು ವರ್ಷದಿಂದ ಅದು ಕಂಡ ಪ್ರಯಾಣವೆಂದರೆ ಇಷ್ಟೇ: ನನ್ನ ಗೂಡ್ಸ್ ಗಾಡಿಯಲ್ಲಿ ಮೊದಲು ಚೀಲ, ಆಮೇಲೆ ನಾಯಿ, ಕೊನೆಗೆ ನಾನು. ಚೀಲ ತಂದು ಕಾರಿನಲ್ಲಿಟ್ಟೆ. ಟಣ್ಣನೆ ಹಾರಿ ಕುಳಿತಿತು. ಚೀಲ ಇಳಿಸಿದೆ. ಅದೂ ಇಳಿಯಿತು.

"ನಾ ಏನ್ ಮಾಡ್ಲಿ?" ಅಂದೆ, ಭಾಳ ಬೇಜಾರಾದವರ ಹಾಗೆ. "ನಿನ್ನ ಮಗಳಿಗೆ ನಾಯಿ ಬೇಕು, ನಾಯಿಗೆ ಚೀಲ ಬೇಕು."

ಹೆಂಡತಿ ಚೀಲ ನೋಡಿದಳು, ನಾಯಿ ನೋಡಿದಳು, ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. "ಆತು ಬಿಡ್ರಿ, ಚೀಲ ಬರ್ಲಿ."

ಇಷ್ಟು ಸುಲಭಕ್ಕೆ ಗೆದ್ದಾಗ ಅನುಮಾನ ಬರಬೇಕಿತ್ತು. ಏಳನೆಯ ಇಯತ್ತೆಯ ಬುದ್ಧಿ, ಬರಲಿಲ್ಲ. ನಾಯಿಗೆ ಗುಟ್ಟಾಗಿ ಎರಡು ಬಿಸ್ಕೀಟು ಹೆಚ್ಚು ಕೊಟ್ಟೆ.

ಹೊರಟ ದಿನ ಚೀಲ ನಾನೇ ಎತ್ತಿ ಕಾರಿನಲ್ಲಿಟ್ಟೆ. ತೂಕ ಸರಿ ಇತ್ತು. ಸವದತ್ತಿ ದಾಟಿ ರಸ್ತೆಯ ತಗ್ಗಿಗೆ ಬಿದ್ದಾಗಲೆಲ್ಲ ಒಳಗೆ ಖಣ್ ಖಣ್ ಅನ್ನುತ್ತಿತ್ತು. ಸದ್ದೂ ಸರಿ ಇತ್ತು. ಮನೋಳಿಯ ಹೊಲ ಮುಟ್ಟಿದಾಗ ಆ ರೈತರು ನನ್ನ ಗೇಟನ್ನು ಎರಡೂ ಕೈಯಿಂದ ಎತ್ತಿ, ಏದುಸಿರು ಬಿಡುತ್ತ ಸರಿಸಿದರು. ನೋಡಿದೆ. ಗೇಟು ತಿರುಗುವ ಕೆಳಗಿನ ಬಿಜಾಗರಿ ಸವೆದಿತ್ತು, ಅಷ್ಟೇ. ಅರ್ಧ ತಾಸಿನ ಕೆಲಸ. ಅಂಗಿಯ ತೋಳು ಏರಿಸಿ ಚೀಲ ಬಿಚ್ಚಿದೆ.

ಬೆಳ್ಳುಳ್ಳಿಯ ವಾಸನೆ ಬಂತು. ಅರಿವೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಸ್ಟೀಲಿನ ಡಬ್ಬಿಗಳಲ್ಲಿ ಶೇಂಗಾ ಹಿಂಡಿ, ಎಣಗಾಯಿ ಪಲ್ಯೆ, ಮೊಸರು. ತಳದಲ್ಲಿ ಅಡುಗೆಮನೆಯ ಕಬ್ಬಿಣದ ಕುಟ್ಟಾಣಿ.

"ಇದ್ಯಾಕ?" ಅಂದೆ, ಕುಟ್ಟಾಣಿ ಎತ್ತಿ.

"ತೂಕಕ್ಕ ಇರ್ಲಿ ಅಂತ್ರಿ."

"ನನ್ನ ಸಾಮಾನು?"

"ಅಂಗಡ್ಯಾಗ ನಿಮ್ಮ ಕಟ್ಟಿ ಕೆಳಗ ಅದಾವ. ನಾಯಿ ಜಾಗಾ ಖಾಲಿ ಇತ್ತಲ್ರಿ."

ರೈತರಿಗೆ ನನ್ನ ಮೇಲೆ ಕರುಣೆ ಬಂತು. "ನಮ್ಮ ಕಡೆ ಒಂದು ಪಾನಾ ಐತಿ ಮಿಸ್ತ್ರಿ, ತರ್ಲೇನು?" ಅಂದರು. ಹೆಂಡತಿ ಅವರ ಕಡೆ ತಿರುಗಿದಳು. "ಅಲ್ಲ, ಅದು ಕಳದೈತಿ," ಅಂದರು.

ಹೀಗೆ ನಾನು ಎರಡು ದಿನ ಸುಮ್ಮನೆ ಕುಳಿತೆ. ಕುಳ್ಳಿನ ಬೆಂಕಿಯಲ್ಲಿ ಜೋಳದ ತೆನೆ ಸುಟ್ಟು, ತಿಕ್ಕಿ, ಬಿಸಿ ಸೀತನಿಯನ್ನು ಬೊಗಸೆಗೆ ಹಾಕುತ್ತಿದ್ದರು. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆಳು ಬಂದರೆ ಗೇಟು ಕಿರ್ರ್, ಎಮ್ಮೆ ಹೋದರೆ ಗೇಟು ಕಿರ್ರ್. ಎರಡು ದಿನದಲ್ಲಿ ಅದು ತೆರೆದದ್ದು ಮೂವತ್ತೊಂದು ಸಲ. ನಾಯಿ ಮಾತ್ರ ಖಾಲಿ ಚೀಲದ ಮೇಲೆ ತಲೆಯಿಟ್ಟು ಮಲಗಿತ್ತು. ಕೆಲಸಕ್ಕೆ ಬಂದಿದ್ದೇನೆಂದೇ ಅದರ ತಿಳಿವಳಿಕೆ.

ಫೋಟೋ ಮಗಳು ತೆಗೆದಳು. ಹೊರಸಿನ ಮೇಲೆ ನಾನು, ತಲೆಯಿಂದ ಕಾಲಿನವರೆಗೆ ಪೂರ್ತಿ. ಪಕ್ಕದಲ್ಲಿ ಹೆಂಡತಿ, ಕೆಳಗೆ ನಾಯಿ, ಹಿಂದೆ ವಾಲಿದ ಗೇಟು.

"ಆ ಗೇಟು ಕತ್ತರಿಸಿ ತಗಿಯವಾ," ಅಂದೆ ಮಗಳಿಗೆ.

"ಬ್ಯಾಡ, ಇರ್ಲಿ," ಅಂದಳು ಹೆಂಡತಿ. "ಅದನ್ನ ನೋಡಿನೂ ನೀವು ಕುಂತಿದ್ರಿ ಅನ್ನೂದಕ್ಕ ಅದ ಸಾಕ್ಷಿ."

ಮುಂದಿನ ವಾರ ನಾನೂ ನಾಯಿಯೂ ಹೋಗಿ ಗೇಟು ಸರಿ ಮಾಡಿ ಬಂದೆವು. ಆದರೆ ಫೋಟೋಕ್ಕೆ ಕಟ್ಟು ಹಾಕಿಸಿ ಆಕೆ ನನ್ನ ಅಂಗಡಿಯಲ್ಲೇ ತೂಗುಹಾಕಿದ್ದಾಳೆ, ಗಿರಾಕಿಗಳ ಕಣ್ಣಿಗೆ ಸರಿಯಾಗಿ ಬೀಳುವ ಕಡೆ. "ಹಿಂದ ಆ ಸೊಟ್ಟ ಗೇಟು ಯಾರ ಕೆಲಸ ಮಿಸ್ತ್ರಿ?" ಅಂತ ಕೇಳುತ್ತಾರೆ. ನಾನು ಕೇಳಿಸದವರ ಹಾಗೆ ಗ್ರೈಂಡರ್ ಚಾಲೂ ಮಾಡುತ್ತೇನೆ. ಊಟದ ಡಬ್ಬಿ ತಂದ ಹೊತ್ತಿಗೆ ಈ ಪ್ರಶ್ನೆ ಬಂದರೆ ಹೆಂಡತಿ ಗ್ರೈಂಡರಿನ ಸದ್ದಿಗಿಂತ ಮೇಲೆ ಹೇಳುತ್ತಾಳೆ:

"ಇವರ್ದ ರೀ, ಮತ್ತ್ಯಾರ್ದು?"